ಓವನ್ನಿನ ಪಕ್ಕೆಲುಬು, ಬಿಸಿನೀರಿನ ರೇಷ್ಮೆಗೂಡು



ಹನೂರಿನ ಕಡೆಯ ಹಳ್ಳಿಯೊಂದರಿಂದ ಪಿ.ಯು.ಸಿ. ಓದುವ ವಿದ್ಯಾರ್ಥಿನಿಯೊಬ್ಬಳು ನಮ್ಮ ಕಾರ್ಯಕ್ರಮಕ್ಕೆ ಬರೆದ ಪತ್ರ ನನ್ನ ಮೇಜಿನ ಮೇಲಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳ ಸೋದರಮಾವ ಊರಿಗೆ ಬರುವಾಗ ಒಂದು ಪುಟ್ಟ ಕರೆಂಟಿನ ಓವನ್ ತಂದುಕೊಟ್ಟರಂತೆ. ಜೊತೆಗೆ ಒಂದು ಕಿಲೋ ಹಂದಿಯ ಪಕ್ಕೆಲುಬು. ಅಮೆರಿಕದ ಯಾವುದೋ ಅಡುಗೆ ಕಾರ್ಯಕ್ರಮ ನೋಡಿ ‘300 ಡಿಗ್ರಿಯಲ್ಲಿ ಬೇಯಿಸಿ’ ಎಂಬುದನ್ನು ಅವರು ಚೀಟಿಯಲ್ಲಿ ಬರೆದುಕೊಂಡಿದ್ದರು. ನೋಡಿದರೆ ಓವನ್ನಿನ ತಿರುಪಿನ ಮೇಲೆ 250ರ ಆಚೆಗೆ ಅಂಕಿಯೇ ಇಲ್ಲ! ಇರಲಿ ಎಂದು ತಿರುಪನ್ನು ಕೊನೆಯವರೆಗೂ ತಿರುಗಿಸಿ ಮುಕ್ಕಾಲು ಗಂಟೆ ಬಿಟ್ಟರು. ಮೇಲೆಲ್ಲ ಇದ್ದಿಲು, ಒಳಗೆ ಹಲ್ಲಿಗೆ ಸಿಕ್ಕದ ನಾರು. ಅಜ್ಜಿ ಒಂದು ತುಂಡು ಬಾಯಿಗಿಟ್ಟು, “ಇದೇನವ್ವ, ಕೆರ ಬೇಯ್ಸಿದ್ದೀರಾ?” ಎಂದರಂತೆ.

ತಪ್ಪು ಎಲ್ಲಾಯಿತು ಸಾರ್ ಎಂಬುದು ಪತ್ರದ ಮೊದಲ ಪ್ರಶ್ನೆ. ಎರಡು ಪುಟ ಅದಕ್ಕೇ ಮೀಸಲು. ಕೊನೆಯ ನಾಲ್ಕು ಸಾಲು ಮಾತ್ರ ಬೇರೆ ಶಾಯಿಯಲ್ಲಿದೆ. ಬಹುಶಃ ಮರುದಿನ ಸೇರಿಸಿದ್ದು. ಪಕ್ಕದ ಮನೆಯ ಹುಡುಗನಿಗೆ ಫಿಟ್ಸ್ ಬರುತ್ತಿದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ಲಾಡಿಹುಳುವಿನ ಗುಳ್ಳೆಯಿದೆ, ಅದು ಹಂದಿಯಲ್ಲಿರುವ ಹುಳು ಎಂದು ಹೇಳಿದ್ದಾರೆ. ಆ ಮನೆಯವರು ಬಾಡು ಮುಟ್ಟುವವರೇ ಅಲ್ಲ. ‘ನಿಮ್ಮ ಮನೆಯಲ್ಲೇ ಯಾರೋ ತಿನ್ನಿಸಿರಬೇಕು’ ಎಂದು ಹುಡುಗನ ತಾಯಿ ಇವರೊಡನೆ ಮಾತು ಬಿಟ್ಟಿದ್ದಾರೆ. ಅಮ್ಮ ಅಂದಿನಿಂದ ಓವನ್ ಮುಟ್ಟಿಲ್ಲ ಎಂದು ಬರೆದು ಪತ್ರ ಮುಗಿಸಿದ್ದಾಳೆ.

ಎರಡಕ್ಕೂ ಉತ್ತರ ಹೇಳುತ್ತೇನೆ. ಹಂದಿಮಾಂಸ ತಿನ್ನದವರು, ಮಾಂಸವನ್ನೇ ತಿನ್ನದವರು ಪುಟ ಮಗುಚಬೇಕಾಗಿಲ್ಲ. ಮೊದಲ ಭಾಗದ ವಿಜ್ಞಾನ ಕುರಿಯ ಕಾಲುಸೂಪಿಗೂ ಸಲ್ಲುತ್ತದೆ, ಆಲೆಮನೆಯ ಬೆಲ್ಲಕ್ಕೂ ಸಲ್ಲುತ್ತದೆ. ಎರಡನೆಯ ಭಾಗವನ್ನು ಸಸ್ಯಾಹಾರಿಗಳೇ ಹೆಚ್ಚು ಗಮನವಿಟ್ಟು ಓದಬೇಕು.

ಚೀಟಿಯಲ್ಲಿದ್ದ 300 ಅಂಕಿಯಲ್ಲಿ ತಪ್ಪಿರಲಿಲ್ಲ. ಅದು ಫ್ಯಾರನ್‌ಹೀಟ್. ಅಮೆರಿಕದ ಅಡುಗೆಮನೆಗಳು ಇಂದಿಗೂ ಆ ಮಾನವನ್ನು ಬಿಟ್ಟಿಲ್ಲ. ನೀವು ಶಾಲೆಯಲ್ಲಿ ಕಲಿತ ಸೂತ್ರ ಹಾಕಿ ನೋಡಿ: 300ರಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ ಸುಮಾರು 149. ಅಂದರೆ ತಿರುಪನ್ನು ಇಡಬೇಕಾಗಿದ್ದುದು 150ರ ಹತ್ತಿರ. ಇವರು ಇಟ್ಟದ್ದು 250 ಸೆಲ್ಸಿಯಸ್, ಅಮೆರಿಕದ ಲೆಕ್ಕದಲ್ಲಿ 482! ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರ ಒಂದು ಕಿಲೋ ಬಾಡನ್ನು ಉಳಿಸಬಹುದಿತ್ತು.

ಉಷ್ಣತೆ ಅಷ್ಟಿದ್ದರೂ ಒಳಗೆ ಏಕೆ ಬೇಯಲಿಲ್ಲ? ಓವನ್ನಿನಲ್ಲಿ ಬೇಯಿಸುವುದು ಗಾಳಿ ಮತ್ತು ಕಾದ ತಂತಿಗಳಿಂದ ಬರುವ ವಿಕಿರಣ. ಗಾಳಿ ಬಹಳ ಬಡ ವಾಹಕ. 150 ಡಿಗ್ರಿಯ ಓವನ್ನಿನೊಳಗೆ ಕೈಯಿಟ್ಟು, ಗೋಡೆ ತಟ್ಟೆ ಸೋಕದೆ, ಕ್ಷಣಕಾಲ ಇದ್ದು ತೆಗೆಯಬಹುದು. 100 ಡಿಗ್ರಿಯ ಕುದಿಯುವ ನೀರಿನಲ್ಲಿ ಆ ಧೈರ್ಯ ಯಾರೂ ಮಾಡುವುದಿಲ್ಲ. ನೀರು ಶಾಖವನ್ನು ಬೇಗ ಕೊಟ್ಟುಬಿಡುತ್ತದೆ, ಗಾಳಿ ನಿಧಾನವಾಗಿ ಕೊಡುತ್ತದೆ. ಮಾಂಸದೊಳಗೆ ಶಾಖ ಹರಿಯುವುದು ಇನ್ನೂ ನಿಧಾನ. ಹೊರಗಿನ ಉರಿಯನ್ನು ಹೆಚ್ಚಿಸಿದರೆ ಸುಡುವುದು ಹೊರಗಿನ ಪದರವೇ ಹೊರತು ಒಳಗಿನದು ಅಷ್ಟೇನೂ ಅವಸರ ಮಾಡುವುದಿಲ್ಲ.

ಇನ್ನು ಆ ‘ಕೆರ’ದ ವಿಷಯ. ಇದನ್ನು ವಿವರಿಸಲು ನಾನು ನಿಮ್ಮನ್ನು ಕೊಳ್ಳೇಗಾಲಕ್ಕೆ ಕರೆದೊಯ್ಯಬೇಕು. ರೇಷ್ಮೆ ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಅಲ್ಲಿ ನೂಲು ಬಿಚ್ಚುವ ಮನೆಯೊಂದರಲ್ಲಿ ಇಡೀ ದಿನ ಕಳೆದಿದ್ದೆ. ಕ್ಯಾಮೆರಾದ ಗಾಜಿಗೆ ಹಬೆ ಕವಿದು ಮತ್ತೆ ಮತ್ತೆ ಒರೆಸಬೇಕಾಗುತ್ತಿತ್ತು. ಆ ವಾಸನೆಯಂತೂ ಬಟ್ಟೆಯಿಂದ ಹೋಗಲು ಎರಡು ಒಗೆತ ಬೇಕಾಯಿತು. ಒಣ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ಎಳೆ ಬಿಚ್ಚಲು ನೋಡಿ, ಆಗುವುದಿಲ್ಲ. ಅದು ಒಂದೇ ಗಟ್ಟಿ ಕವಚ. ಅದನ್ನೇ ಕುದಿಯುವಂಥ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಎಳೆಯ ತುದಿ ತಾನಾಗಿ ಬಿಟ್ಟುಕೊಳ್ಳುತ್ತದೆ, ನೂರಾರು ಮೀಟರು ಉದ್ದಕ್ಕೆ ಸುರುಳಿ ಬಿಚ್ಚುತ್ತ ಹೋಗುತ್ತದೆ.

ಕಾರಣ ಇಷ್ಟೆ. ರೇಷ್ಮೆಯ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ನಡುವೆ ಫೈಬ್ರಾಯಿನ್ ಎಂಬ ಬಲವಾದ ನಾರು. ಅದರ ಸುತ್ತ ಸೆರಿಸಿನ್ ಎಂಬ ಗೋಂದು, ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ. ಬಿಸಿನೀರಿಗೆ ನಾರು ಜಗ್ಗುವುದಿಲ್ಲ, ಗೋಂದು ಮೆತ್ತಗಾಗುತ್ತದೆ. ಮುಂದೆ ಸೋಪಿನ ನೀರಿನಲ್ಲಿ ಕುದಿಸಿದಾಗ ಉಳಿದ ಗೋಂದೂ ಕರಗಿ ಹೋಗಿ ರೇಷ್ಮೆಗೆ ಆ ನುಣುಪು ಬರುತ್ತದೆ.

ಪಕ್ಕೆಲುಬಿನ ಮಾಂಸವೂ ನಾರು ಮತ್ತು ಗೋಂದಿನ ಕಟ್ಟಡವೇ. ನಾರುಗಳೆಂದರೆ ಸ್ನಾಯುವಿನ ಎಳೆಗಳು. ಅವನ್ನು ಕಟ್ಟುಕಟ್ಟಾಗಿ ಬಿಗಿದು ಮೂಳೆಗೆ ಅಂಟಿಸಿರುವುದು ಕೊಲ್ಯಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳನ್ನು ಹುರಿ ಹೊಸೆದಂತೆ ಅದರ ಅಣುವಿನ ರಚನೆ. ಪಕ್ಕೆಲುಬುಗಳ ನಡುವಿನ ಸ್ನಾಯು ಪ್ರಾಣಿ ಬದುಕಿರುವಷ್ಟು ಕಾಲ ಉಸಿರಾಟಕ್ಕಾಗಿ ದುಡಿಯುತ್ತಲೇ ಇರುತ್ತದೆ. ದುಡಿಯುವ ಸ್ನಾಯುವಿನಲ್ಲಿ ಕೊಲ್ಯಾಜೆನ್ ಹೆಚ್ಚು. ಮಾಂಸದ ಉಷ್ಣತೆ 60 ಡಿಗ್ರಿ ದಾಟುತ್ತಿದ್ದಂತೆ ಈ ಹುರಿ ಮುದುರಿಕೊಂಡು ಸುತ್ತಲಿನ ನಾರುಗಳನ್ನು ಹಿಂಡುತ್ತದೆ. ರಸ ಹೊರಗೆ ಬರುತ್ತದೆ, ಮಾಂಸ ಬಿರುಸಾಗುತ್ತದೆ. ಅವಸರದ ಅಡುಗೆ ಇಲ್ಲಿಗೇ ನಿಂತುಬಿಡುತ್ತದೆ. ಆದರೆ 70 ಡಿಗ್ರಿ ದಾಟಿಸಿ, 80-90ರ ನಡುವೆ ತೇವ ಆರದಂತೆ ಗಂಟೆಗಟ್ಟಲೆ ಇಟ್ಟರೆ ಹುರಿ ಬಿಚ್ಚಿಕೊಳ್ಳುತ್ತದೆ. ಕೊಲ್ಯಾಜೆನ್ ಜಿಲೆಟಿನ್ ಆಗಿ ಕರಗಿ ನಾರುಗಳ ನಡುವೆ ಜಿನುಗುತ್ತದೆ. ಮಾಂಸ ಮೂಳೆಯಿಂದ ಬಿಡುತ್ತದೆ.

ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ. ಫೈಬ್ರಾಯಿನ್ ಶಾಖಕ್ಕೆ ಅಲುಗುವುದಿಲ್ಲ. ಸ್ನಾಯುವಿನ ನಾರು ಮುದುಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಆದರೂ ಮುಖ್ಯವಾದ ಸಂಗತಿ ಎರಡರಲ್ಲೂ ಒಂದೆ: ಗೋಂದು ಕರಗಲು ಶಾಖದ ಜೊತೆಗೆ ನೀರು ಬೇಕು, ಕಾಲ ಬೇಕು. ಅಜ್ಜಿಗೆ ಸಿಕ್ಕಿದ್ದು ಹೊರಗೆ ಅತಿಯಾಗಿ ಬೆಂದು, ಒಳಗೆ ಅರ್ಧ ದಾರಿಯಲ್ಲಿ ನಿಂತ ಮಾಂಸ.

ಕಡಿಮೆ ಶಾಖದ ಈ ಗುಟ್ಟು ಯುರೋಪಿನ ವಿಜ್ಞಾನಿಯೊಬ್ಬನಿಗೆ ಅಕಸ್ಮಾತ್ತಾಗಿ ದಕ್ಕಿತು. ಶಾಖದ ಸ್ವರೂಪದ ಬಗ್ಗೆ ನಿಮ್ಮ ಪಠ್ಯದಲ್ಲಿ ಬರುವ ಕೌಂಟ್ ರಮ್‌ಫೋರ್ಡ್, ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ, ಆಲೂಗೆಡ್ಡೆ ಒಣಗಿಸುವ ಪೆಟ್ಟಿಗೆಯಲ್ಲಿ ಕುರಿಯ ಭುಜದ ಮಾಂಸವಿಟ್ಟು ಬೇಯುತ್ತದೋ ನೋಡಿದ. ಮೂರು ಗಂಟೆಯಾದರೂ ಬೇಯಲಿಲ್ಲ. ಬೇಸತ್ತು ಬಿಟ್ಟ. ರಾತ್ರಿಯೆಲ್ಲ ಅದು ಅಲ್ಲೇ ಉಳಿದು ಬೆಳಗ್ಗೆ ನೋಡಿದರೆ ಹದವಾಗಿ ಬೆಂದಿತ್ತು! ನಮ್ಮ ಕೊಡಗಿನ ಅಡುಗೆಮನೆಗಳಲ್ಲಿ ಪಂದಿ ಕರಿ ಮಾಡುವವರಿಗೂ, ಮಂಗಳೂರು ಕಡೆ ಡುಕ್ರಾ ಮಾಸ್ ಮಾಡುವ ಕ್ರೈಸ್ತ ಮನೆಗಳವರಿಗೂ ಸಣ್ಣ ಉರಿಯ ಈ ತಾಳ್ಮೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ.

ಈಗ ಪತ್ರ ಬರೆದ ಹುಡುಗಿ ಎರಡನೆಯ ಸಲ ಹೇಗೆ ಮಾಡಬೇಕೆಂದು ಹೇಳುತ್ತೇನೆ.

ಮೊದಲು ಓವನ್ನಿನ ತಿರುಪನ್ನು ನಂಬಬೇಡಿ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯಿರುತ್ತದೆ. ಕಾದಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗಿ ಕರೆಂಟನ್ನು ಕಡಿಯುತ್ತದೆ, ಆರಿದಾಗ ಮತ್ತೆ ಸೇರಿಸುತ್ತದೆ. ಅಗ್ಗದ ಓವನ್ನುಗಳಲ್ಲಿ ಇದು ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆಯಾಗುವುದು ಮಾಮೂಲು. ಉಷ್ಣಮಾಪಕ ಇಲ್ಲದಿದ್ದರೆ ಸಕ್ಕರೆಯೇ ಉಷ್ಣಮಾಪಕ. ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಓವನ್ ಚೆನ್ನಾಗಿ ಕಾದ ಮೇಲೆ ಸಣ್ಣ ತಟ್ಟೆಯಲ್ಲಿ ಒಂದು ಚಮಚ ಸಕ್ಕರೆಯಿಟ್ಟು, ತಿರುಪು 175ರಲ್ಲಿರುವಾಗ ಕಾಲು ಗಂಟೆ ನೋಡಿ: ಕರಗಬಾರದು. 190ಕ್ಕೆ ತಿರುಗಿಸಿ ಮತ್ತೆ ಕಾಲು ಗಂಟೆ: ಕರಗಬೇಕು. 175ರಲ್ಲೇ ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಹೆಚ್ಚು ಕಾಯುತ್ತಿದೆ ಎಂದರ್ಥ. ಮನೆಯಲ್ಲಿ ಹಿರಿಯರೊಬ್ಬರು ಜೊತೆಗಿರಲಿ, ಕರಗಿದ ಸಕ್ಕರೆ ಮೈಗೆ ತಗುಲಿದರೆ ಕುದಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ.

ಪಕ್ಕೆಲುಬಿನ ಒಳಮೈಗೆ ತೆಳುವಾದ ಪೊರೆ ಅಂಟಿರುತ್ತದೆ. ಚಾಕುವಿನ ತುದಿಯಿಂದ ಎಬ್ಬಿಸಿ, ಒಣ ಬಟ್ಟೆಯಲ್ಲಿ ಹಿಡಿದು ಎಳೆದರೆ ಒಂದೇ ಪಟ್ಟಿಯಾಗಿ ಬರುತ್ತದೆ. ಕಿಲೋಗೆ ಎರಡು ಚಮಚ ಉಪ್ಪು, ಅರಿಸಿನ, ಶುಂಠಿ ಬೆಳ್ಳುಳ್ಳಿ, ಮೆಣಸು, ಖಾರದ ಪುಡಿ. ಅಳತೆ ನಿಮ್ಮ ಮನೆಯದು; ಅರಿಸಿನ ಬೆಳೆಯುವ ಸೀಮೆಯವರಿಗೆ ಅರಿಸಿನದ ಲೆಕ್ಕ ನಾನು ಹೇಳುವುದು ಸರಿಯಲ್ಲ. ಕೆಲವು ಗಂಟೆ ಹಾಗೇ ಬಿಟ್ಟು, ಬಾಳೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಮ್ ಹಾಳೆ ಬಿಗಿಯಾಗಿ ಸುತ್ತಿ. ಎಲೆ ಬರೀ ಪರಿಮಳಕ್ಕಲ್ಲ. ಹುಣಿಸೆ ಅಥವಾ ಕಾಚಂಪುಳಿಯಂಥ ಹುಳಿ ನೇರವಾಗಿ ತಗುಲಿದರೆ ಅಲ್ಯೂಮಿನಿಯಮ್ ಸವೆದು ಮಾಂಸಕ್ಕೆ ಇಳಿಯುತ್ತದೆ.

ಹೀಗೆ ಸುತ್ತುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಸುತ್ತದೆ ಇಟ್ಟ ಮಾಂಸದ ಉಷ್ಣತೆ 65-70ರ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡಬಹುದು. ಓವನ್ ಕೆಟ್ಟಿತೆಂದು ಜನ ಗಾಬರಿಯಾಗುತ್ತಾರೆ. ಆಗುತ್ತಿರುವುದು ಬೇಸಿಗೆಯಲ್ಲಿ ನಿಮ್ಮ ಮನೆಯ ಮಣ್ಣಿನ ಮಡಕೆಯಲ್ಲಿ ಆಗುವುದೇ. ಮೇಲ್ಮೈಯಿಂದ ನೀರು ಆವಿಯಾಗುತ್ತ ಪ್ರತಿ ಗ್ರಾಮಿಗೂ 540 ಕ್ಯಾಲೊರಿಗಿಂತ ಹೆಚ್ಚು ಗುಪ್ತೋಷ್ಣವನ್ನು ಕೊಂಡೊಯ್ಯುತ್ತದೆ. ಓವನ್ ಕೊಟ್ಟ ಶಾಖವೆಲ್ಲ ಅದಕ್ಕೇ ಸರಿಹೋಗುತ್ತದೆ. ಸುತ್ತಿಟ್ಟರೆ ಆವಿ ತಪ್ಪಿಸಿಕೊಳ್ಳಲಾರದು.

150 ಡಿಗ್ರಿಯಲ್ಲಿ ಎರಡೂವರೆ ಗಂಟೆ ಇಡಿ. ಚಾಕುವಿನ ಮೊನೆ ತಡೆಯಿಲ್ಲದೆ ಇಳಿಯಬೇಕು, ಮೂಳೆಯ ತುದಿ ಮಾಂಸದಿಂದ ಹೊರಗೆ ಇಣುಕಬೇಕು. ಆಮೇಲೆ ಹೊದಿಕೆ ಬಿಚ್ಚಿ, ಗಟ್ಟಿ ಹುಣಿಸೆ ರಸದಲ್ಲಿ ಬೆಲ್ಲ ಕರಗಿಸಿ ಸವರಿ, 200 ಡಿಗ್ರಿಯಲ್ಲಿ ಹದಿನೈದು ನಿಮಿಷ. ಬೆಲ್ಲವನ್ನು ಮೊದಲೇ ಸವರಿದರೆ ಸೀದು ಕಹಿಯಾಗುತ್ತದೆ. ಈ ಕೊನೆಯ ಹದಿನೈದು ನಿಮಿಷದ ಕೆಂಪು ಬಣ್ಣ, ಘಮ ಬರುವುದು ಸಕ್ಕರೆಗಳೂ ಅಮೈನೊ ಆಮ್ಲಗಳೂ ಶಾಖದಲ್ಲಿ ಕೂಡಿದಾಗ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮಯಾರ್‌ನ ಹೆಸರೇ ಈ ಕ್ರಿಯೆಗಿದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೆಂಪಗಾಗುವುದರಲ್ಲೂ ಇದರ ಪಾಲಿದೆ. ನೀರಿನಲ್ಲಿ ಬೇಯಿಸಿದ ಮಾಂಸ ಪೇಲವವಾಗಿಯೇ ಉಳಿಯುತ್ತದೆ. ತೇವವಿರುವವರೆಗೆ ಅದರ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ.

ಎರಡೂವರೆ ಗಂಟೆ ಕರೆಂಟು ನಿಲ್ಲದೆ ಇರುವುದೆಂಬ ನಂಬಿಕೆ ಇಲ್ಲವೆ? ಪ್ರೆಷರ್ ಕುಕ್ಕರ್ ಇದೆ. ಅದರೊಳಗೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಕೊಲ್ಯಾಜೆನ್ ಅರ್ಧ ಗಂಟೆಯೊಳಗೆ ಶರಣಾಗುತ್ತದೆ. ಕುಕ್ಕರಿನಲ್ಲಿ ಬೇಯಿಸಿ, ಓವನ್ನಿನಲ್ಲಿ ಬೆಲ್ಲ ಸವರಿ ಕೆಂಪಗೆ ಮಾಡಿ. ರುಚಿ ಒಂದು ತೂಕ ಕಡಿಮೆಯೆಂದು ನನಗನ್ನಿಸುತ್ತದೆ, ವಿದ್ಯುತ್ತಿನ ಖರ್ಚು ಮಾತ್ರ ಬಹಳ ಕಡಿಮೆ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಹನೂರು, ಯಳಂದೂರು ಎರಡೂ ಕಾಡಿನ ಅಂಚಿನ ಊರುಗಳು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಮೀಸಲು, ಮಲೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಧಾಮ. ‘ಕಾಡುಹಂದಿ ಬಾಡು’ ಎಂದು ಯಾರಾದರೂ ಗುಟ್ಟಾಗಿ ಮನೆ ಬಾಗಿಲಿಗೆ ತಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ, ಕೊಂಡವರಿಗೂ ಸಹ. ಹಂದಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದವರಿಂದಲೇ ಕೊಳ್ಳಿ. ಏಕೆಂಬುದು ಮುಂದಿನ ಭಾಗದಲ್ಲಿದೆ.

ಈಗ ಆ ನಾಲ್ಕು ಸಾಲುಗಳು.

ಹಂದಿಯ ಲಾಡಿಹುಳುವಿಗೆ ಟೀನಿಯ ಸೋಲಿಯಮ್ ಎಂದು ಹೆಸರು. ಅದರ ಜೀವನಚಕ್ರದಲ್ಲಿ ಎರಡು ಮನೆಗಳು: ಮನುಷ್ಯ ಮತ್ತು ಹಂದಿ. ಎರಡು ಮೂರು ಮೀಟರು, ಒಮ್ಮೊಮ್ಮೆ ಇನ್ನೂ ಉದ್ದ ಬೆಳೆಯುವ ದೊಡ್ಡ ಹುಳು ವಾಸಿಸುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಅದರ ಮೊಟ್ಟೆಗಳು ಮಲದೊಡನೆ ಹೊರಬೀಳುತ್ತವೆ. ಬಯಲಿನಲ್ಲಿ ಅಲೆಯುವ ಹಂದಿ ಆ ಮಲವನ್ನು ತಿಂದರೆ ಮೊಟ್ಟೆಯೊಡೆದು ಮರಿ ರಕ್ತದ ಮೂಲಕ ಸ್ನಾಯುಗಳಿಗೆ ಹೋಗಿ, ನೆನೆದ ಸಬ್ಬಕ್ಕಿಯಂಥ ಬಿಳಿ ಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ಮನುಷ್ಯ ತಿಂದರೆ ಗುಳ್ಳೆ ಅವನ ಕರುಳಿನಲ್ಲಿ ಮತ್ತೆ ದೊಡ್ಡ ಹುಳುವಾಗುತ್ತದೆ. 1855ರಲ್ಲಿ ಜರ್ಮನಿಯ ವೈದ್ಯ ಕುಕೆನ್‌ಮೈಸ್ಟರ್ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ ಇಂಥ ಗುಳ್ಳೆಗಳನ್ನು ಅವನಿಗೆ ತಿಳಿಯದಂತೆ ತಿನ್ನಿಸಿ, ಆಮೇಲೆ ಅವನ ಕರುಳಿನಲ್ಲಿ ಬೆಳೆಯುತ್ತಿದ್ದ ಹುಳುಗಳನ್ನು ಕಂಡು ಇದನ್ನು ಸಿದ್ಧಮಾಡಿದ. ವಿಜ್ಞಾನದ ಚರಿತ್ರೆಯಲ್ಲಿ ಹೆಮ್ಮೆಪಡುವಂಥ ಪ್ರಯೋಗವಲ್ಲ.

ಇಲ್ಲಿ ಗಮನಿಸಿ: ಬೇಯದ ಹಂದಿಮಾಂಸದಿಂದ ಬರುವುದು ಕರುಳಿನ ಹುಳು. ಮೆದುಳಿನ ಗುಳ್ಳೆ ಬರುವ ದಾರಿಯೇ ಬೇರೆ. ಅದಕ್ಕೆ ಮನುಷ್ಯನು ಹಂದಿಯ ಸ್ಥಾನದಲ್ಲಿ ನಿಲ್ಲಬೇಕು, ಅಂದರೆ ಮೊಟ್ಟೆಯನ್ನು ನುಂಗಬೇಕು. ಮೊಟ್ಟೆ ಇರುವುದು ಹಂದಿಮಾಂಸದಲ್ಲಲ್ಲ, ಹುಳು ಹೊತ್ತ ಮನುಷ್ಯನ ಮಲದಲ್ಲಿ. ಕಕ್ಕಸಿಗೆ ಹೋಗಿ ಕೈ ತೊಳೆಯದವರು ಬಡಿಸಿದ ಅನ್ನ, ಕೊಳಚೆ ನೀರು ಹರಿದ ತೋಟದ ಹಸಿ ಸೊಪ್ಪು, ಮೂಲಂಗಿ, ಕುಡಿಯುವ ನೀರು, ಇವೇ ಅದರ ವಾಹನ. ಹುಳು ಹೊತ್ತವರಿಗೆ ಅನೇಕ ವೇಳೆ ತಮಗದು ಇದೆಯೆಂದೇ ಗೊತ್ತಿರುವುದಿಲ್ಲ. ತಮ್ಮ ಕೈಯಿಂದ ತಮಗೇ ಅಂಟಿಸಿಕೊಳ್ಳುವುದೂ ಉಂಟು.

1992ರಲ್ಲಿ ನ್ಯೂಯಾರ್ಕಿನ ವೈದ್ಯರು ಒಂದು ವಿಚಿತ್ರವನ್ನು ಪ್ರಕಟಿಸಿದರು. ಧರ್ಮದ ಕಟ್ಟಳೆಯಂತೆ ಹಂದಿಯನ್ನು ಮುಟ್ಟದ ಯಹೂದಿ ಸಮುದಾಯದ ನಾಲ್ವರಿಗೆ ಮೆದುಳಿನಲ್ಲಿ ಈ ಗುಳ್ಳೆ ಕಾಣಿಸಿತ್ತು. ಹುಳು ಬಂದದ್ದು ಅವರ ಊಟದಿಂದಲ್ಲ. ಈ ಹುಳು ಸಾಮಾನ್ಯವಾಗಿರುವ ದೇಶಗಳಿಂದ ಬಂದು ಅವರ ಮನೆಗಳಲ್ಲಿ ಕೆಲಸಕ್ಕಿದ್ದವರಿಂದ ಎಂದು ತನಿಖೆ ತೋರಿಸಿತು. ನಮ್ಮ ದೇಶದಲ್ಲೂ ಈ ಕಾಯಿಲೆ ಹಂದಿಮಾಂಸ ತಿನ್ನದವರಲ್ಲಿ, ಅಪ್ಪಟ ಸಸ್ಯಾಹಾರಿಗಳಲ್ಲಿ ಕಂಡುಬರುತ್ತದೆ. ಹಾಗಾಗಿ ಪಕ್ಕದ ಮನೆಯ ಹುಡುಗ ಕದ್ದು ತಿಂದನೆಂಬ ಊಹೆಗೂ, ಇವರ ಮನೆಯಲ್ಲಿ ತಿನ್ನಿಸಿದರೆಂಬ ಸಿಟ್ಟಿಗೂ ಆಧಾರವಿಲ್ಲ. ಮೊಟ್ಟೆ ಯಾರಿಂದ ಬಂತೆಂದು ಹುಡುಕುವುದಕ್ಕೂ ಹೋಗಬೇಡಿ. ನುಂಗಿದ್ದಕ್ಕೂ ಫಿಟ್ಸ್ ಬಂದುದಕ್ಕೂ ನಡುವೆ ವರ್ಷಗಳೇ ಕಳೆದಿರಬಹುದು. ಎರಡೂ ಮನೆಗಳಲ್ಲಿ ಹೊಟ್ಟೆಹುಳುವಿನ ಅನುಮಾನವಿರುವವರು ಮಲಪರೀಕ್ಷೆ ಮಾಡಿಸಿಕೊಂಡರೆ ಸಾಕು. ಕರುಳಿನ ಹುಳುವಿಗೆ ವೈದ್ಯರ ಬಳಿ ಸುಲಭದ ಮಾತ್ರೆಗಳಿವೆ.

ಹುಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ನೂರರಲ್ಲಿ ಮೂವತ್ತರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಮಾಧಾನದ ಸುದ್ದಿಯೂ ಇದೆ. ಭಾರತದ ರೋಗಿಗಳಲ್ಲಿ ಅನೇಕ ವೇಳೆ ಕಾಣುವುದು ಒಂದೇ ಒಂದು ಸಣ್ಣ ಗುಳ್ಳೆ. ಹಿಂದೆ ಸ್ಕ್ಯಾನಿನಲ್ಲಿ ಇದನ್ನು ಕಂಡಾಗ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ಅದು ಸಾಯುತ್ತಿರುವ ಲಾಡಿಹುಳುವಿನ ಮರಿಯೆಂದು 1980ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವರು ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು. ಇಂಥ ಗುಳ್ಳೆ ಎಷ್ಟೋ ವೇಳೆ ತಿಂಗಳುಗಳಲ್ಲಿ ಕರಗಿಹೋಗುತ್ತದೆ. ಅಷ್ಟರವರೆಗೆ ಫಿಟ್ಸಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ಕಾಲ ಒಂದು ದಿನವೂ ಬಿಡದೆ ತೆಗೆದುಕೊಳ್ಳಬೇಕು. ಹುಳುವಿನ ಔಷಧವನ್ನು ಅಂಗಡಿಯಿಂದ ತಂದು ನಾವೇ ನುಂಗಿಸಬಾರದು. ಮೆದುಳಿನಲ್ಲಿ ಗುಳ್ಳೆ ಒಮ್ಮೆಲೆ ಸತ್ತರೆ ಊತ ಹೆಚ್ಚಿ ಅಪಾಯವಾಗಬಹುದು.

ಹಂದಿಗೇ ಲಸಿಕೆ ಹಾಕುವ ದಾರಿಯೂ ತೆರೆದಿದೆ. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದ ಲಸಿಕೆಯನ್ನು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ತಯಾರಿಸಿದೆ. ಅದಕ್ಕಿಂತ ಹಳೆಯ ಉಪಾಯ ಕಕ್ಕಸು ಮತ್ತು ಕೊಟ್ಟಿಗೆ. ಹಂದಿಗೆ ಮನುಷ್ಯನ ಮಲ ಸಿಕ್ಕದಿದ್ದರೆ ಚಕ್ರ ಅಲ್ಲೇ ತುಂಡಾಗುತ್ತದೆ.

ಓವನ್ನಿನ ಮಾತಿಗೆ ಬಂದರೆ, ಇಡೀ ತುಂಡಿನ ಹಂದಿಮಾಂಸದ ಒಳಭಾಗ 63 ಡಿಗ್ರಿ ಮುಟ್ಟಿ ಆಮೇಲೆ ಮೂರು ನಿಮಿಷ ಹಾಗೇ ಬಿಟ್ಟರೆ ಸಾಕೆಂಬುದು 2011ರಿಂದ ಅಮೆರಿಕದ ಸರ್ಕಾರಿ ಸಲಹೆ. ಗುಳ್ಳೆಗಳು ಅಷ್ಟರಲ್ಲಿ ಸಾಯುತ್ತವೆ. ಪಕ್ಕೆಲುಬು ಮೆತ್ತಗಾಗುವುದೇ 85-90 ದಾಟಿದ ಮೇಲೆ. ಅಜ್ಜಿಯ ಹಲ್ಲಿಗೆ ಒಗ್ಗುವಷ್ಟು ಬೆಂದ ಪಕ್ಕೆಲುಬಿನಲ್ಲಿ ಯಾವ ಹುಳುವೂ ಉಳಿಯುವುದಿಲ್ಲ. ಹಸಿ ಮಾಂಸ ಕೊಯ್ದ ಹಲಗೆಯಲ್ಲೇ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ, ಅಷ್ಟೆ.

ಆ ಹುಡುಗನಿಗೆ ಶಾಲೆಯಲ್ಲೋ ಬೀದಿಯಲ್ಲೋ ಮತ್ತೆ ಫಿಟ್ಸ್ ಬಂದರೆ ಸುತ್ತ ಇರುವವರು ನೀವೇ ಆಗಿರಬಹುದು. ಕೈಗೆ ಬೀಗದ ಕೈ ಹಿಡಿಸುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಬೇಡ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತಲಿನ ಕಲ್ಲು, ಬೆಂಚು ಸರಿಸಿ, ತಲೆಯ ಕೆಳಗೆ ಮಡಿಸಿದ ಬಟ್ಟೆಯಿಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ. ಎಚ್ಚರವಾದ ಮೇಲೆ ಅವನಿಗೆ ಕೊಂಚ ಹೊತ್ತು ಮಂಕು ಕವಿದಿರುತ್ತದೆ, ಪಕ್ಕದಲ್ಲಿ ಕುಳಿತಿರಿ.